ಎರಡು ತುದಿಯ ಅಳತೆ

ಸಿದ್ಲಕನ್ ದ್ವೀಪ
ಜನವರಿ 14, 2019

ಶ್ರೀಮತಿ ಕ್ರೆಸೆನ್ಸಿಯಾ ಇಬಾನ್ಯೆಸ್ ಅವರಿಗೆ,

ನೀವು ಕಳಿಸಿದ ಇಮೇಲ್‌ಗಳೆಲ್ಲ ಬಂದಿವೆ. ಉತ್ತರ ಬರೆದಿಲ್ಲ, ಬರೆಯುವುದೂ ಇಲ್ಲ. ಇನ್ನು ಮುಂದೆ ನಮ್ಮ ಇಂಟರ್ನೆಟ್ ಲೈನಿನ ನಿಮ್ಮ ತುದಿಗೂ ನನ್ನ ತುದಿಗೂ ಏನು ಮಾತಿದ್ದರೂ ಕಾಗದದ ಮೇಲೆ ಬರೆದು, ಕೆಳಗೆ ಸಹಿ ಹಾಕಿ, ನೋಂಗ್ ತಿಬೊನ ದೋಣಿಯಲ್ಲಿ ಕಳಿಸಿ. ಹೋದ ವರ್ಷದ ಸಹಕಾರ ಸಂಘದ ಸಭೆಯಲ್ಲಿ ಚೇರ್ಮನ್ ಗಾಬುಯಾ ಮೈಕ್ ಹಿಡಿದು, ಹಬ್ಬದ ದಿನ ದ್ವೀಪದ ತುದಿಯ ಅಜಾಗರೂಕತೆಯಿಂದ ಲೈನ್ ಬಿದ್ದಿತು ಎಂದು ನಿಮ್ಮ ವರದಿ ಓದಿದರಲ್ಲ, ಅದರ ಕೆಳಗೆ ಯಾರ ಸಹಿಯೂ ಇರಲಿಲ್ಲ. ನಾನು ಊಟದ ಪೊಟ್ಟಣ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದವನು, "ಏನ್ ಇಂಜಿನಿಯರ್ರೇ, ಗೊರಕೆ ಹೊಡೀತಿದ್ರಾ?" ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಪೊಟ್ಟಣ ಅಲ್ಲೇ ಇಟ್ಟು ಮನೆಗೆ ಹೋದೆ.

ಈಗ ಕೆಲಸದ ಮಾತು. ಸೂಲಗಿತ್ತಿ ಕೆಲಸದಲ್ಲಿರುವ ನನ್ನ ಮಗಳು ಮಿನಾ ಕಳಿಸುವ ಬಸುರಿಯರ ಸ್ಕ್ಯಾನ್ ಚಿತ್ರಗಳು ನಿಮ್ಮ ಪಟ್ಟಣದ ಡಾಕ್ಟರಿಗೆ ತಲುಪುತ್ತಿಲ್ಲ ಎಂದು ದೂರು ಕೊಟ್ಟಿದ್ದೀರಿ. ಕಾರಣ ನನಗೆ ಗೊತ್ತು. ರೋಗಿಗಳ ಗುಟ್ಟು ಬಯಲಾಗದಿರಲೆಂದು ಕ್ಲಿನಿಕ್ಕಿನವರು ನವೆಂಬರಿನಿಂದ ಲೈನಿನಲ್ಲಿ ಹೋಗುವ ಪ್ರತಿ ಮಾಹಿತಿ ಕಂತೆಗೂ ಮೇಲೊಂದು ಹೊದಿಕೆ ಸುತ್ತಿ ಕಳಿಸುತ್ತಿದ್ದಾರೆ. ಹೊದಿಕೆ ಸೇರಿ ಕಂತೆ ದಪ್ಪವಾಯಿತು. ಅದಕ್ಕೇ ನನ್ನ ರೂಟರಿನ ಪೋರ್ಟಿನಲ್ಲಿ ಕಂತೆಯ ಅಳತೆಯನ್ನು ಸಾವಿರದ ಐನೂರು ಬೈಟಿನಿಂದ ಸಾವಿರದ ಆರುನೂರಕ್ಕೆ ಏರಿಸಿದೆ. ನಿಮ್ಮ ಪೋರ್ಟು ಇನ್ನೂ ಹಳೆಯ ಅಳತೆಯಲ್ಲೇ ಇದೆ, ದಪ್ಪ ಕಂತೆ ಬಂದರೆ ಬಿಸಾಡುತ್ತಿದೆ. ನೀವೂ ಏರಿಸಿ. ಚೇರ್ಮನ್ನರ ಕಚೇರಿಗೆ ಅಂದೇ ತಿಳಿಸಿದ್ದೇನೆ.

ಎಪಿಫಾನಿಯೊ ಟುಂಡಾಗ್
ದ್ವೀಪದ ತುದಿ

*

ಡನಾವ್
ಜನವರಿ 22, 2019

ಪಾನ್ಯೊಂಗ್,

"ಶ್ರೀಮತಿ" ಅಂತೆ, "ನೀವು" ಅಂತೆ! ನಿನ್ನ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿ ಹಿಡಿದು ಅವಳ ಧರ್ಮತಾಯಿ ಆದವಳು ನಾನು. ಅವತ್ತಿನಿಂದ ನೀನು ನನಗೆ ಪಾರೆ, ನಾನು ನಿನಗೆ ಮಾರೆ. ಈ ನಾಟಕ ಯಾರಿಗೆ ತೋರಿಸುವುದಕ್ಕೆ? ಆದರೂ ಕಾಗದ ಬೇಕೆಂದೆಯಲ್ಲ, ತಗೋ.

ನಾನು ವರದಿಯಲ್ಲಿ ಬರೆದದ್ದು "ದ್ವೀಪದ ತುದಿಯಲ್ಲಿ ತೊಂದರೆ" ಎಂದು. "ಅಜಾಗರೂಕತೆ" ಚೇರ್ಮನ್ನರ ನಾಲಿಗೆಯದು. ಬರೆಯುವ ಮೊದಲು ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆಂಟೆನಾ ಗೋಪುರದ ಮೇಲಿದ್ದೆ ಅಂತ ಆಮೇಲೆ ಮಿನಾ ಹೇಳಿದಳು. ನೀನು ಗೋಪುರದ ಮೇಲಿದ್ದೀಯೋ ತೆಂಗಿನಮರದ ಮೇಲಿದ್ದೀಯೋ, ನನಗೇನು ಕನಸು ಬೀಳುತ್ತದೆಯೇ?

ಅಳತೆಯ ವಿಷಯಕ್ಕೆ ಬಾ. ನಮ್ಮ ಪದ್ಧತಿ ಏನಿತ್ತು? ಒಬ್ಬರು ಏನು ಮುಟ್ಟಬೇಕೆಂದರೂ ಮೊದಲು ಫೋನ್. ನೀನು ಸಂಖ್ಯೆ ಹೇಳಬೇಕು, ನಾನು ಅದನ್ನೇ ಮರುಹೇಳಬೇಕು, ಆಮೇಲೆ ಇಬ್ಬರೂ ಒಟ್ಟಿಗೆ ಒತ್ತಬೇಕು. ಆ ಪದ್ಧತಿ ತಂದವನು ನೀನೇ. ನಾನು ಒಂದು ಸಲ "ಹೂಂ" ಅಂತಷ್ಟೇ ಅಂದದ್ದಕ್ಕೆ, "ಹೂಂ ಅನ್ನೋದು ಸಂಖ್ಯೆ ಅಲ್ಲ ಮಾರೇ, ಬಾಯಿಬಿಟ್ಟು ಹೇಳು" ಅಂತ ಬೈದವನೂ ನೀನೇ. ಈಗ ನಿನ್ನಷ್ಟಕ್ಕೆ ನೀನು ಏರಿಸಿಕೊಂಡು, ಚೇರ್ಮನ್ನರ ಗುಮಾಸ್ತನ ಕಿವಿಯಲ್ಲಿ ಹೇಳಿ, ನಾನು ಹಿಂದೆ ಬರಬೇಕು ಅನ್ನುತ್ತೀಯ. ಅಕ್ಕಿಮೂಟೆ ಹೊರಡುವ ಮನೆಯ ಬಾಗಿಲು ಎಷ್ಟು ಅಗಲವಾದರೇನು, ಇಳಿಯುವ ಮನೆಯ ಬಾಗಿಲು ಅಷ್ಟಿಲ್ಲದಿದ್ದರೆ ಮೂಟೆ ಬೀದಿಯಲ್ಲೇ ಉಳಿಯುತ್ತದೆ. ಎರಡೂ ಕಡೆ ಸಾವಿರದ ಐನೂರು ಇಟ್ಟರೂ ನಡೆಯುತ್ತದೆ, ರೂಟರೇ ಕಂತೆ ಒಡೆದು ಎರಡು ಮಾಡುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಪಟ್ಟಣದ ಉಳಿದ ಲೈನ್‌ಗಳೆಲ್ಲ ಅದೇ ಅಳತೆಯಲ್ಲಿವೆ. ಮುಟ್ಟಿದವನು ನೀನು, ಇಳಿಸುವವನೂ ನೀನೇ.

ನೀನು ನಿನ್ನ ತುದಿಯ ಗುಪ್ತಪದ ಬದಲಾಯಿಸಿಕೊಂಡು, ನನ್ನದನ್ನೂ ಬದಲಾಯಿಸಲು ಹೇಳಿ ಕಳಿಸಿದ್ದೆಯಲ್ಲ, ಬದಲಾಯಿಸಿದ್ದೇನೆ. ಈಗ ನನ್ನದನ್ನು ನೀನು ಮುಟ್ಟಲಾರೆ, ನಿನ್ನದನ್ನು ನಾನು ಮುಟ್ಟಲಾರೆ. ಸಂತೋಷವೇ?

ಕ್ರೆಸಿಂಗ್

*

ಸಿದ್ಲಕನ್
ಫೆಬ್ರವರಿ 17, 2019

ಕ್ರೆಸಿಂಗ್,

ಅಮಿಹಾನ್ ಗಾಳಿ ಎದ್ದು ದೋಣಿ ನಿಂತಿತ್ತು. ನಿನ್ನ ಕಾಗದ ನೋಂಗ್ ತಿಬೊನ ಚೀಲದಲ್ಲಿ ಒಣಮೀನಿನ ಜೊತೆ ಮಲಗಿತ್ತು. ಕೊಡುವಾಗ ಅವನು, "ಎರಡು ಕಡೇನೂ ಆಕಾಶಕ್ಕೆ ಮುಟ್ಟೋ ಗೋಪುರ ಕಟ್ಟಿ, ಕೊನೆಗೆ ನನ್ನ ಚೀಲಾನೇ ಬೇಕಾಯ್ತಲ್ಲ ನಿಮಗೆ! ದೇವರು ಒಳ್ಳೇದು ಮಾಡ್ಲಿ, ನಂಗೆ ಕೆಲಸ ಸಿಕ್ತು" ಅಂದ.

"ಅಜಾಗರೂಕತೆ" ನಿನ್ನ ಮಾತಲ್ಲ ಎನ್ನುತ್ತೀಯ. ಇರಬಹುದು. ಆದರೆ ಚೇರ್ಮನ್ ಅದನ್ನು ಓದುವಾಗ ನೀನು ವೇದಿಕೆಯ ಮೇಲೆ ಕೂತಿದ್ದೆ, ಕ್ರೆಸಿಂಗ್. ಕೈಯಲ್ಲಿ ಬೀಸಣಿಗೆ ಇತ್ತು. ಬೀಸಿಕೊಳ್ಳುತ್ತಲೇ ಇದ್ದೆ. ಎದ್ದುನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೊಸ ಸುದ್ದಿ ನಿನಗೂ ಮುಟ್ಟಿರಬೇಕು. ಮನಿಲಾದ ಒಂದು ಕಂಪನಿಯವರು ಚೇರ್ಮನ್ನರ ಮನೆಯಲ್ಲಿ ಇಡೀ ಹಂದಿ ಸುಡಿಸಿಕೊಂಡು ಉಂಡುಹೋದರು. ನಮ್ಮ ಲೈನ್ ಕೊಳ್ಳಬೇಕಂತೆ. ಏಪ್ರಿಲ್ 28ರ ಸಭೆಯಲ್ಲಿ ಸದಸ್ಯರ ಮತಕ್ಕೆ ಹಾಕುತ್ತಾರೆ. "ನಮ್ಮದೇ ಲೈನ್ ಅಂತ ಎದೆ ತಟ್ಕೊಳ್ಳೋರು ಕೆಲಸ ಮಾಡಿ ತೋರಿಸ್ಲಿ. ಮಿನಾ ಇಲ್ಲಿ ಕೂರ್ಲಿ, ಡಾಕ್ಟರ್ ಅಲ್ಲಿ ಕೂರ್ಲಿ, ಎಲ್ಲರ ಮುಂದೆ ಮುಖ ನೋಡ್ಕೊಂಡು ಮಾತಾಡ್ಲಿ" ಎಂದಿದ್ದಾರೆ ಚೇರ್ಮನ್. ಮಾರಿದರೆ ಕಂಪನಿಯವರು ದ್ವೀಪದ ಹಿಂಬದಿಗೆ ಸಿಗ್ನಲ್ ಒಯ್ಯುವ ಕಂಬ ಕೀಳುತ್ತಾರೆ. ಅಲ್ಲಿ ಇರುವುದು ಮೀನುಗಾರರ ನಾಲ್ಕು ಗುಡಿಸಲು, ಅವರಿಗೆ ಲಾಭವಿಲ್ಲ.

ಈ ಲೈನ್ ಯಾಕೆ ಕಟ್ಟಿದೆವು ಎಂದು ನಿನಗೆ ನೆನಪಿಸಬೇಕೇ? ದೊಡ್ಡ ಬಿರುಗಾಳಿ ಬಂದುಹೋದ ಮೇಲೆ ನೀನು ಡನಾವ್ ಬಂದರಿನಲ್ಲಿ ನಿಂತು, ಬಂದ ಬಂದ ದೋಣಿಯವರನ್ನೆಲ್ಲ, ನನ್ನಮ್ಮ ಇದ್ದಾಳಾ, ನನ್ನಮ್ಮ ಇದ್ದಾಳಾ ಎಂದು ಕೇಳುತ್ತಿದ್ದೆ. ಇದ್ದಳು. ನಮ್ಮ ಮನೆಯಲ್ಲೇ ಗಂಜಿ ಕುಡಿಯುತ್ತ ಕೂತಿದ್ದಳು. ಅದನ್ನು ನಿನಗೆ ಹೇಳಲು ನನ್ನ ಬಳಿ ದಾರಿ ಇರಲಿಲ್ಲ.

ನೀನು ಸಾವಿರದ ಆರುನೂರು ಮಾಡು.

ಪಾನ್ಯೊಂಗ್

*

ಡನಾವ್
ಮಾರ್ಚ್ 5, 2019

ಪಾನ್ಯೊಂಗ್,

ನನ್ನಮ್ಮನನ್ನು ಈ ಜಗಳಕ್ಕೆ ಎಳೆದು ತರಬೇಡ. ಅವಳು ಸಾಯುವವರೆಗೂ, "ಪಾನ್ಯೊಂಗ್ ಮನೆಯ ಗಂಜಿ" ಎಂದು ಜಪ ಮಾಡಿದವಳು.

ಹೌದು, ವೇದಿಕೆಯಲ್ಲಿ ಕೂತಿದ್ದೆ. ಬೀಸಣಿಗೆಯೂ ಇತ್ತು. ಎದ್ದು ಹೇಳಬೇಕೆಂದು ಅಂದುಕೊಳ್ಳುವಷ್ಟರಲ್ಲಿ ಲಾಟರಿ ಚೀಟಿ ಎತ್ತಲು ಶುರುಮಾಡಿದರು, ಯಾರಿಗೋ ಅಕ್ಕಿ ಬೇಯಿಸುವ ಪಾತ್ರೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಿನ್ನನ್ನು ಹುಡುಕಿದೆ, ನೀನು ಹೋಗಿಬಿಟ್ಟಿದ್ದೆ. ಮಾರನೆಯ ದಿನದಿಂದ ನನ್ನ ಫೋನ್ ನಿನಗೆ ವಿಷವಾಯಿತು.

ಮಿನಾ ಸ್ಕ್ಯಾನ್ ಚಿತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೋಣಿಯಲ್ಲಿ ಕಳಿಸುತ್ತಿದ್ದಾಳೆ, ಗೊತ್ತೇ? ಹೋದ ವಾರ ಒಬ್ಬಳ ಮಗು ಅಡ್ಡ ತಿರುಗಿತ್ತು. ಡಾಕ್ಟರ್ ಚಿತ್ರ ನೋಡುವಷ್ಟರಲ್ಲಿ ಅವಳನ್ನು ಅದೇ ದೋಣಿಯಲ್ಲೇ ಕರೆತಂದಿದ್ದರು. ಬದುಕಿದಳು, ಬದುಕಿದ್ದು ನಮ್ಮಿಂದಲ್ಲ. ಡಾಕ್ಟರ್ ನನ್ನ ಮುಖ ನೋಡಿ, "ನಿಮ್ಮಿಬ್ಬರದು ಗಂಡ ಹೆಂಡ್ತಿ ಜಗಳಕ್ಕಿಂತ ಕಡೆಯಾಯ್ತಲ್ರೀ, ಅವರಾದ್ರೂ ಮಕ್ಕಳ ಮುಖ ನೋಡಿ ಸುಮ್ಮನಾಗ್ತಾರೆ" ಅಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಒಂದೇ ಒಂದು ಸಲ ಫೋನ್ ಮಾಡು. "ಮಾರೇ, ಸಾವಿರದ ಆರುನೂರು" ಅನ್ನು. ನಾನು ಮರುಹೇಳಿ ಅಲ್ಲೇ ಒತ್ತುತ್ತೇನೆ. ಕಾಗದದಲ್ಲಿ ಅಪ್ಪಣೆ ಮಾಡಿದರೆ ಮಾಡುವುದಿಲ್ಲ.

ಕ್ರೆಸಿಂಗ್

*

ಸಿದ್ಲಕನ್
ಮಾರ್ಚ್ 21, 2019

ಕ್ರೆಸಿಂಗ್,

ಮೈಕಿನಲ್ಲಿ ಹೋದ ಮಾನ ಫೋನಿನಲ್ಲಿ ಬರುವುದಿಲ್ಲ. ಸಭೆಯಲ್ಲಿ, ಅದೇ ಮೈಕಿನಲ್ಲಿ, ನಾನು ಹಾಗೆ ಬರೆದಿಲ್ಲ ಎಂದು ನೀನು ಹೇಳು. ಆಮೇಲೆ ಫೋನ್.

ಪಾನ್ಯೊಂಗ್

*

ಡನಾವ್
ಏಪ್ರಿಲ್ 13, 2019

ಪಾನ್ಯೊಂಗ್,

ಸಭೆಯಲ್ಲಿ ಲೈನ್ ಓಡಿದರೆ ತಾನೇ ಆಮೇಲಿನ ಮಾತು? ಸಭೆ ದ್ವೀಪದಲ್ಲಿ, ನಾನು ಇಲ್ಲಿ ಡಾಕ್ಟರ ಪಕ್ಕದಲ್ಲಿ ಯಂತ್ರದ ಮುಂದೆ ಇರಬೇಕು. ಯಾವ ಮೈಕ್ ತರಲಿ? ನಿನ್ನ ಬುದ್ಧಿಗಿಷ್ಟು!

ಈ ಪೊಟ್ಟಣದಲ್ಲಿ ಮಿನಾಗೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಸಿಹಿ ಅಕ್ಕಿಯ ಬುದ್ಬುದ್ ಇದೆ. ನಿನಗಲ್ಲ. ಅವಳು ಕೊಟ್ಟರೆ ತಿನ್ನು.

ಇನ್ನು ಬರೆಯುವುದಿಲ್ಲ. ಪವಿತ್ರ ವಾರದಲ್ಲಿ ಜಗಳ ಬೇಡ.

ಕ್ರೆಸಿಂಗ್

*

ಡನಾವ್
ಏಪ್ರಿಲ್ 29, 2019

ಎಪಿಫಾನಿಯೊ ಟುಂಡಾಗ್ ಅವರಿಗೆ,

ಈಗ ನಾನೂ ಹೆಸರು ಹಿಡಿದೇ ಬರೆಯುತ್ತೇನೆ. ನೀನು ಬಯಸಿದ್ದು ಆಯಿತು. ಮಾರಿಬಿಟ್ಟರು.

ನಾನು ಏನು ಮಾಡಿದ್ದೆ ಎಂದು ನಿನಗೆ ತಿಳಿಸಬಾರದು ಅಂದುಕೊಂಡಿದ್ದೆ. ಈಗ ಯಾವ ಮುಚ್ಚುಮರೆ? ಶನಿವಾರ ಮಧ್ಯಾಹ್ನ, ಕಚೇರಿಯವರೆಲ್ಲ ಊಟಕ್ಕೆ ಹೋದಾಗ, ನನ್ನ ಪೋರ್ಟನ್ನು ಸಾವಿರದ ಆರುನೂರಕ್ಕೆ ಏರಿಸಿದೆ. ನಿನ್ನ ಅಳತೆಗೆ. ಹೇಳದೆ, ಕೇಳದೆ, ಮರುಹೇಳಿಸಿಕೊಳ್ಳದೆ, ತಲೆ ಬಾಗಿಸಿ. ಸಭೆಯಲ್ಲಿ ಎಲ್ಲ ಸರಿಯಾಗಿ ಓಡಲಿ, ನೀನು ಗೆದ್ದೆ ಅಂದುಕೊಂಡರೆ ಅಂದುಕೋ, ಲೈನ್ ಉಳಿಯಲಿ ಎಂದು. ಸಂಜೆಯ ಹೊತ್ತಿಗೆ ಮಿನಾಳ ಸ್ಕ್ಯಾನ್ ಚಿತ್ರ ಬಂದು ಪರದೆಯ ಮೇಲೆ ಬಿಚ್ಚಿಕೊಂಡಿತು. ನವೆಂಬರಿನಿಂದ ಬಾರದ ಚಿತ್ರ! ನಾನು ಕುರ್ಚಿಯಲ್ಲಿ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಭಾನುವಾರ ನೀನು ಏನು ಮಾಡಿದೆ?

ನಿಮ್ಮ ಬಾಸ್ಕೆಟ್‌ಬಾಲ್ ಅಂಗಳವಿಡೀ ನನ್ನ ಪರದೆಯ ಮೇಲೆ ಕಾಣುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಊಟದ ಪೊಟ್ಟಣಗಳು, ಮುಂದೆ ಬಿಳಿ ಅಂಗಿಯಲ್ಲಿ ಮಿನಾ. "ಡಾಕ್ಟ್ರೇ, ಧ್ವನಿ ಕೇಳ್ತಿದೆ, ಮುಖ ಕಾಣ್ತಿಲ್ಲ" ಅಂದಳು. ಡಾಕ್ಟರ್ ಕೈ ಬೀಸಿದರು. "ಇಲ್ಲ ಡಾಕ್ಟ್ರೇ, ಕಪ್ಪು" ಅಂದಳು. ಚೇರ್ಮನ್ ಮೈಕ್ ತೆಗೆದುಕೊಂಡರು: "ಅವರಿಬ್ರೂ ಒಬ್ರಿಗೊಬ್ರು ಮುಖ ತೋರಿಸಲ್ಲ, ಅವರ ಲೈನು ಹ್ಯಾಗೆ ತೋರಿಸ್ತದೆ ಸ್ವಾಮಿ?" ಜನ ಬಿದ್ದು ಬಿದ್ದು ನಕ್ಕರು. ನಾನು ಎಲ್ಲ ಕೇಳಿದೆ, ಎಲ್ಲ ನೋಡಿದೆ. ನಿನ್ನನ್ನೂ ನೋಡಿದೆ. ಗೋಡೆಗೆ ಒರಗಿ ನಿಂತು, ಜೇಬಿನಿಂದ ಫೋನ್ ತೆಗೆದೆ. ಈಗ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದು ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ನೀನು ಅದನ್ನು ಹಾಗೇ ಜೇಬಿಗೆ ಹಾಕಿಕೊಂಡೆ.

ಹಿಂದಿನ ದಿನ ಸರಿಯಾಗಿ ಓಡಿದ ಲೈನು ಮಾರನೆಯ ದಿನ ತಾನಾಗಿ ಕೆಡುವುದಿಲ್ಲ. ನೀನು ನಿನ್ನ ತುದಿಯಲ್ಲಿ ಏನೋ ಮುಟ್ಟಿದೆ. ಮೈಕಿನ ಸೇಡು ತೀರಿಸಿಕೊಂಡೆ. ತಣ್ಣಗಾಯಿತೇ ಹೊಟ್ಟೆ?

ಕ್ರೆಸೆನ್ಸಿಯಾ ಇಬಾನ್ಯೆಸ್

*

ಸಿದ್ಲಕನ್
ಏಪ್ರಿಲ್ 29, 2019

ಕ್ರೆಸೆನ್ಸಿಯಾ ಇಬಾನ್ಯೆಸ್ ಅವರಿಗೆ,

ಇದು ನಾನು ನಿಮಗೆ ಬರೆಯುವ ಕೊನೆಯ ಕಾಗದ ಎಂದುಕೊಂಡು ಬರೆಯುತ್ತಿದ್ದೇನೆ.

ಬುದ್ಬುದ್ ತಿಂದೆ. ಮಿನಾ ಕೊಟ್ಟಳು. ಕೊಡುವಾಗ, "ಅಪ್ಪಾ, ಸೋತ್ರೆ ಏನೀಗ? ನೀನು ಸೋಲೋದು ಯಾರ ಹತ್ರ, ನಿನ್ನ ಮಾರೆ ಹತ್ರ ತಾನೆ?" ಅಂದಳು. ಶನಿವಾರ ಊಟವಾದ ಮೇಲೆ ಹೋಗಿ ನನ್ನ ಪೋರ್ಟನ್ನು ಇಳಿಸಿದೆ. ಸಾವಿರದ ಐನೂರು. ನಿನ್ನ ಅಳತೆ. ಸಂಜೆ ಮಿನಾ ಒಂದು ಸ್ಕ್ಯಾನ್ ಕಳಿಸಿದಳು, ಡಾಕ್ಟರಿಂದ "ಬಂತು" ಎಂದು ಉತ್ತರ ಬಂತು. ಮಿನಾ ಕುಣಿದಳು. ನಿನಗೆ ಹೇಳಿ ಕಳಿಸುತ್ತೇನೆ ಅಂದಳು, ನಾನೇ ಬೇಡ ಅಂದೆ. ನಾಳೆ ಪರದೆಯ ಮೇಲೆ ಡಾಕ್ಟರ ಪಕ್ಕ ಕ್ರೆಸಿಂಗ್ ಕೂತಿರುತ್ತಾಳೆ, ಲೈನ್ ಓಡುವುದನ್ನು ನೋಡಿದರೆ ತಾನೇ ಅರ್ಥಮಾಡಿಕೊಳ್ಳುತ್ತಾಳೆ, ಬಾಯಿಬಿಟ್ಟು ಹೇಳುವ ಕಷ್ಟ ನನಗೂ ಇಲ್ಲ, ಕೇಳುವ ಕಷ್ಟ ಅವಳಿಗೂ ಇಲ್ಲ ಎಂದುಕೊಂಡೆ. ಭಾನುವಾರ ಒಳ್ಳೆಯ ಅಂಗಿ ಹಾಕಿಕೊಂಡು ಹೋದೆ.

ಪರದೆ ಕಪ್ಪಾಗಿತ್ತು. ನಿನ್ನ ಕಡೆಯಿಂದ ನನ್ನ ಕಡೆಗೆ ಬರುವ ಚಿತ್ರ ಒಂದು ದಿನವೂ ನಿಂತದ್ದಿಲ್ಲ, ಜಗಳದ ದಿನಗಳಲ್ಲೂ ಬರುತ್ತಿತ್ತು. ಅದು ಅವತ್ತೇ ನಿಂತಿತು, ಎಲ್ಲರ ಮುಂದೆ. ಅಂದರೆ ನೀನು ನಿನ್ನ ತುದಿಯನ್ನು ಮುಟ್ಟಿದೆ. ಫೋನ್ ತೆಗೆದೆ, ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ. ಆಗ ಚೇರ್ಮನ್ ಆ ಮಾತು ಆಡಿದರು, ಜನ ನಕ್ಕರು. ಇವಳು ಮತ್ತೆ ಅದೇ ಮಾಡಿದಳು ಅನ್ನಿಸಿತು. ಕರೆಯಬೇಕಾದವಳು ಅವಳು ಎಂದು ಫೋನ್ ಒಳಗೆ ಹಾಕಿದೆ. ಕೈ ಎತ್ತಿ ಮತ ಹಾಕಿಸಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಮಿನಾ ಪರದೆಯ ಮುಂದೆ ಒಬ್ಬಳೇ ಕೂತೇ ಇದ್ದಳು.

ನಾನು ಬಾಗಿದಾಗಲೂ ನೀನು ಹೊಡೆದೆಯಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

ಎಪಿಫಾನಿಯೊ ಟುಂಡಾಗ್

*

ಡನಾವ್
ಮೇ 7, 2019

ಪಾರೇ,

ನೋಂಗ್ ತಿಬೊ ಒಂದೇ ಚೀಲದಿಂದ ನಿನ್ನ ಕಾಗದ ತೆಗೆದು ನನಗೆ ಕೊಟ್ಟು, ನನ್ನದನ್ನು ಒಳಗೆ ಹಾಕಿಕೊಂಡ. ಒಂದೇ ದಿನ ಬರೆದ ಎರಡು ಕಾಗದಗಳೂ ಆ ಚೀಲದ ಬಾಯಲ್ಲಿ ಒಂದನ್ನೊಂದು ದಾಟಿದವು. ನೀನೂ ನನ್ನದನ್ನು ಓದಿರುತ್ತೀಯ. ಇಷ್ಟು ಹೊತ್ತಿಗೆ ನಿನಗೂ ಗೊತ್ತಾಗಿರಬೇಕು.

ಅಯ್ಯೋ ದೇವರೇ. ಒಂದೇ ಮಧ್ಯಾಹ್ನ! ನೀನು ನನ್ನ ಅಳತೆಗೆ ಇಳಿದೆ, ನಾನು ನಿನ್ನ ಅಳತೆಗೆ ಏರಿದೆ. ಮತ್ತೆ ಒಂದು ಬಾಗಿಲು ದೊಡ್ಡದು, ಒಂದು ಚಿಕ್ಕದು. ತಿರುಗಿದ್ದು ದಿಕ್ಕು ಮಾತ್ರ. ಆ ಮೊದಲು ನಿನ್ನ ದಪ್ಪ ಕಂತೆಗಳು ನನಗೆ ಬರುತ್ತಿರಲಿಲ್ಲ, ಆಮೇಲೆ ನನ್ನವು ನಿನಗೆ ಬರಲಿಲ್ಲ. ಶನಿವಾರ ಇಬ್ಬರೂ ಪರೀಕ್ಷೆ ಮಾಡಿದ್ದು ಕೆಟ್ಟಿದ್ದ ದಿಕ್ಕನ್ನೇ, ನಿನ್ನಿಂದ ನನಗೆ ಬರುವ ಚಿತ್ರವನ್ನೇ. ಸರಿಯಾಗಿದ್ದ ದಿಕ್ಕನ್ನು ಯಾರು ಪರೀಕ್ಷೆ ಮಾಡುತ್ತಾರೆ? ನಿನ್ನೆ ನನ್ನ ಪೋರ್ಟಿನ ಎಣಿಕೆ ನೋಡಿದೆ. ಆ ಶನಿವಾರದಿಂದ ನಾನು ಒಂದು ಕಂತೆಯನ್ನೂ ಬಿಸಾಡಿಲ್ಲ. ಬಿಸಾಡುತ್ತಿದ್ದದ್ದು ನಿನ್ನ ತುದಿ, ನಿನಗೆ ಗೊತ್ತಿಲ್ಲದೆ. ಒಬ್ಬರೇ ಸೋತಿದ್ದರೆ ಸಾಕಿತ್ತು ಪಾರೇ. ಇಬ್ಬರೂ ಸೋತು ಕೆಡಿಸಿದೆವು.

ಇನ್ನೊಂದು ವಿಷಯ ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತೇನೆ. ಕಂಪನಿಯವರು ನನ್ನನ್ನು ಇಲ್ಲೇ ಉಳಿಸಿಕೊಂಡಿದ್ದಾರೆ. ದ್ವೀಪದ ತುದಿಗೆ ಆಳು ಬೇಡವಂತೆ. ನಿನ್ನ ಹೆಸರು ಹೇಳಿದೆ, ಎರಡು ಸಲ ಹೇಳಿದೆ. ಅವರು ನಕ್ಕರು.

ಅವರು ಬಂದು ಕೈ ಹಾಕುವ ಮೊದಲು ಒಂದು ಸಲ ನಾವೇ ಸರಿಮಾಡಿಬಿಡೋಣ. ನಮ್ಮ ಲೈನು ಒಂದು ದಿನವಾದರೂ ನಮ್ಮ ಕೈಯಲ್ಲಿ ನೆಟ್ಟಗೆ ಓಡಲಿ. ನಾನು ಹೇಳುತ್ತಿದ್ದೇನೆ, ಕಾಗದದಲ್ಲೇ, ಸಹಿ ಹಾಕಿ: ಸಾವಿರದ ಐನೂರು. ಫೋನ್ ಮಾಡಿ ಮರುಹೇಳು. ನಾನು ಬೆರಳಿಟ್ಟು ಕೂತಿರುತ್ತೇನೆ.

ನಿನ್ನ ಮಾರೆ,
ಕ್ರೆಸಿಂಗ್

*

ಸಿದ್ಲಕನ್
ಮೇ 30, 2019

ಮಾರೇ,

ನಿನ್ನ ಏಪ್ರಿಲ್ 29ರ ಕಾಗದ ಓದಿದ ದಿನವೇ ನನಗೂ ತಿಳಿಯಿತು. ಎದ್ದು ಹೋಗಿ ಅಂಗಳದಲ್ಲಿ ನಿಂತೆ. ಮಿನಾ ಏನಾಯಿತು ಎಂದು ಕೇಳಿದಳು, ಹೇಳಿದೆ. ಅವಳು ಒಲೆಯ ಮೇಲಿದ್ದ ಅನ್ನ ಇಳಿಸಿ ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮೇ 7ರ ಕಾಗದ ಬರುವಷ್ಟರಲ್ಲಿ ಕಂಪನಿಯವನು ಬಂದಿದ್ದ. ಗೋಪುರವನ್ನು ಹತ್ತಿ ಕೂಡ ನೋಡಲಿಲ್ಲ. ನನ್ನ ಗುಪ್ತಪದ ಕೇಳಿದ, ಕೊಟ್ಟೆ. ಫೋನಿನಲ್ಲಿ ಮನಿಲಾಗೆ ಹೇಳಿದ. ಅಲ್ಲಿ ಯಾರೋ ಕೂತು ನಿನ್ನ ತುದಿ ನನ್ನ ತುದಿ ಎರಡನ್ನೂ ಒಟ್ಟಿಗೆ ಒಂದೇ ಅಳತೆಗೆ ತಂದರು. ಯಾವ ಅಳತೆ ಎಂದು ನಾನು ಕೇಳಿದೆ. "ಅದೆಲ್ಲ ನಿಮಗ್ಯಾಕೆ ಅಂಕಲ್?" ಅಂದ. ಈಗ ಚಿತ್ರ ಹೋಗುತ್ತದೆ, ಬರುತ್ತದೆ. ಕ್ಲಿನಿಕ್ಕು ತಿಂಗಳ ಬಾಡಿಗೆ ಕಟ್ಟುವವರೆಗೆ ಬರುತ್ತದೆ. ಹಿಂಬದಿಯ ಕಂಬ ಮೊನ್ನೆ ಕಿತ್ತರು. ಅದಕ್ಕೆ ಗುಂಡಿ ತೋಡಿದ್ದವರು ಅಲ್ಲಿನ ಮೀನುಗಾರರೇ, ಈಗ ಕಂಬ ಹೊತ್ತು ದೋಣಿಗೆ ಹಾಕಿದವರೂ ಅವರೇ. ಬಿರುಗಾಳಿಯ ಕಾಲ ಬಂದರೆ ಅವರ ಮನೆಯವರನ್ನು ಬಂದರಿನಲ್ಲಿ ನಿಂತು ಕೇಳುವವರು ಯಾರೆಂದು ನೋಡಬೇಕು.

ಕಂಪನಿಯಲ್ಲಿ ಸೇರಿದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಬೇಕೆಂದಿದ್ದೆ. ಇದೆ. ಸುಳ್ಳು ಯಾಕೆ ಬರೆಯಲಿ? ನನ್ನ ಮೇಲೂ ಇದೆ, ಅದು ಇನ್ನೂ ಹೆಚ್ಚು. ನೀನು ಹೇಳಿದ್ದು ನಿಜ. ಅವತ್ತು ನೀನು ನನ್ನನ್ನು ನೋಡುತ್ತಿದ್ದೆ, ನಾನು ಕಪ್ಪು ಪರದೆ ನೋಡುತ್ತಿದ್ದೆ. ಆ ಪರದೆಯ ಹಿಂದೆ ನೀನು ಎರಡೂ ಕೈಯಲ್ಲಿ ಫೋನ್ ಹಿಡಿದು ಕೂತಿದ್ದೆ ಎಂದು ಈಗ ಕಾಗದ ಓದಿ ತಿಳಿಯಬೇಕಾಯಿತು.

ನೀನು ಹೇಳಿದ್ದಕ್ಕೆ ಮರುಹೇಳಿದೆ. ಕಂಪನಿಯವನು ನನ್ನ ಮೇಜಿನ ಕಂಪ್ಯೂಟರ್ ಒಯ್ದ ಮೇಲೆ, ಅದೇ ಕುರ್ಚಿಯಲ್ಲಿ ಕೂತು, ಬಾಯಿಬಿಟ್ಟು, ಗಟ್ಟಿಯಾಗಿ: ಸಾವಿರದ ಐನೂರು. ಖಾಲಿ ಕೋಣೆಯಲ್ಲಿ ಅದು ಚೆನ್ನಾಗಿಯೇ ಕೇಳಿಸಿತು. ಒತ್ತಲು ಏನೂ ಇರಲಿಲ್ಲ.

ಫೋನ್ ಮಾಡಬೇಡ. ನಿನ್ನ ಧ್ವನಿ ಕೇಳಿದರೆ ಮೊದಲೇ ಮಾಡಬಹುದಿತ್ತಲ್ಲ ಅನ್ನಿಸುತ್ತದೆ, ಅದನ್ನು ನನ್ನಿಂದ ತಡೆಯಲಾಗುವುದಿಲ್ಲ.

ಪಾನ್ಯೊಂಗ್